ಕೊಪ್ಪರಿಗೆಯ ವೆಬ್‌ಸೈಟು

ಎಪ್ಪತ್ತೆಂಟನೆಯ ವಯಸ್ಸಿನಲ್ಲಿ ನಾನೊಂದು ವೆಬ್‌ಸೈಟು ಮಾಡಿದ್ದೇನೆ. ಹೀಗೆಂದರೆ ನಮ್ಮೂರಿನವರು ಮೊದಲು ನನ್ನ ಮುಖ ನೋಡುತ್ತಾರೆ, ಆಮೇಲೆ ನನ್ನ ಸೊಸೆ ವಿನುತಳ ಮುಖ ನೋಡುತ್ತಾರೆ. ತೀರ್ಥಹಳ್ಳಿಯಲ್ಲಿ ಅವಳದು ಕಂಪ್ಯೂಟರ್ ಅಂಗಡಿ. ಅವಳು ಮಾಡಿಕೊಟ್ಟಿದ್ದಕ್ಕೆ ಮುದುಕ ಮೀಸೆ ತಿರುವುತ್ತಿದ್ದಾನೆ ಎಂದು ಅವರ ಗುಮಾನಿ. ಅರ್ಧ ನಿಜ. ಇನ್ನರ್ಧವನ್ನು, ಎಸ್ಸೆಸ್ಸೆಲ್ಸಿಯನ್ನು ಎರಡನೇ ಸಲಕ್ಕೆ ಪಾಸು ಮಾಡಿದ ನಾನೇ ಒಂದು ಬೆರಳಲ್ಲಿ ಕುಟ್ಟಿ ಕುಟ್ಟಿ ಮಾಡಿದೆ.

ವೆಬ್‌ಸೈಟು ಪಾತ್ರೆಗಳಿಗೆ. ಹೊಸನಗರ ತಾಲೂಕಿನ ನಮ್ಮೂರಿನಲ್ಲಿ ಹತ್ತು ಸಮಸ್ತರ ಪಾತ್ರೆ ಎಂದಿದೆ. ಊರಿನವರೆಲ್ಲ ಸೇರಿ ಮಾಡಿಸಿದ್ದು. ಮದುವೆಯೋ ಮುಂಜಿಯೋ ತಿಥಿಯೋ, ಯಾರು ಬೇಕಾದರೂ ಒಯ್ಯಬಹುದು, ಬೆಳಗಿ ತಂದಿಡಬೇಕು. ಅದರಲ್ಲಿ ದೊಡ್ಡದು ತಾಮ್ರದ ಕೊಪ್ಪರಿಗೆ. ಬಿದಿರಿನ ಗಳು ಹಾಕಿ ನಾಲ್ಕು ಜನ ಹೊರಬೇಕು. ಎಪ್ಪತ್ತು ಎಂಬತ್ತರ ದಶಕದಲ್ಲಿ ಉಗ್ರಾಣದ ಬೀಗದಕೈಯೂ, ಯಾರಿಗೆ ಯಾವ ದಿನ ಎಂದು ಬರೆಯುವ ಪುಸ್ತಕವೂ ನನ್ನ ಹತ್ತಿರ ಇದ್ದವು. ಆ ಪುಸ್ತಕವನ್ನು ಯಾರಿಗೂ ತೋರಿಸುತ್ತಿರಲಿಲ್ಲ. "ಶೀನಣ್ಣನ್ನ ಕೇಳದೆ ಲಗ್ನ ಇಡಬೇಡಿ" ಎಂದು ಜನ ಹೇಳುವುದು ಕಿವಿಗೆ ಹಿತವಾಗಿತ್ತು. ಪುರೋಹಿತರು ಹೇಳಿದ ಮುಹೂರ್ತವನ್ನು ಕೊಪ್ಪರಿಗೆ ಇಲ್ಲ ಎಂದು ಮುಂದಕ್ಕೆ ಹಾಕಿಸಿದ ದಿನಗಳೂ ಉಂಟು. ನವಗ್ರಹಗಳ ಜೊತೆ ನಾನು ಹತ್ತನೆಯವ.

ಈಗಿನ ಕಮಿಟಿಯವರು ಆ ಪುಸ್ತಕವನ್ನು ಮೊಬೈಲಿನಲ್ಲಿ ಕಾಣುವ ಹಾಗೆ ಮಾಡಿ ಎಂದರು. ವಿನುತ ಒಂದು ಸಣ್ಣ ಬ್ಯಾಕೆಂಡು ತಂದು ನಮ್ಮ ಹಳೆ ಕಂಪ್ಯೂಟರಿಗೆ ಹಾಕಿದಳು. "ಮಾವ, ಇದು ಇಷ್ಟೇ. ಒಂದೇ ಒಂದು ಫೈಲು. ಬಿಚ್ಚಿ ಇಟ್ಟರೆ ಓಡ್ತದೆ" ಎಂದಳು. ಬ್ಯಾಕೆಂಡು ಎಂದರೇನಮ್ಮ ಎಂದೆ. ಜನ ನೋಡುವುದು ಮುಂದಿನದು, ಹಿಂದೆ ಕೂತು ಎಲ್ಲ ನೆನಪಿಟ್ಟು ಒದಗಿಸುವುದು ಇದು ಎಂದಳು. ಪಂಕ್ತಿಯಲ್ಲಿ ಕೂತವರಿಗೆ ಕಾಣುವುದು ಬಡಿಸುವವನ ಜರಿ ಶಲ್ಯ. ಅಡುಗೆ ಮಾಡಿ ಬೆಂದವನು ಹಿತ್ತಲ ಒಲೆಯ ಹತ್ತಿರ ಇರುತ್ತಾನೆ. ನನಗೆ ತಕ್ಷಣ ಅರ್ಥವಾಯಿತು. ಮೊದಲು ಅವಳು ಬೇರೊಂದು ದೊಡ್ಡ ಏರ್ಪಾಟು ತೋರಿಸಿದ್ದಳು. ಹತ್ತು ಮಂದಿಗೆ ಉಪ್ಪಿಟ್ಟು ಮಾಡಲು ಕೊಪ್ಪರಿಗೆ ಹೊರಿಸಿದ ಹಾಗಿತ್ತು, ಬೇಡವೆಂದೆ.

ಇನ್ನೂ ಬೆರಗಾದದ್ದು ಅದರ ಒಳಗನ್ನು ಯಾರು ಬೇಕಾದರೂ ಓದಬಹುದು ಎಂಬುದು. ಯಾರೋ ಪುಣ್ಯಾತ್ಮರು ಬರೆದು, ಇದು ಹೀಗೆ ಕೆಲಸ ಮಾಡುತ್ತದೆ, ಬೇಕಾದವರು ಒಯ್ಯಿರಿ, ತಿದ್ದಿರಿ ಎಂದು ಇಟ್ಟುಬಿಟ್ಟಿದ್ದಾರೆ. ಓಪನ್ ಸೋರ್ಸ್ ಎನ್ನುತ್ತಾರಂತೆ. ನಮ್ಮ ಕಡೆ ಒಬ್ಬ ಅಡುಗೆಭಟ್ಟರಿದ್ದರು. ಸಾರಿಗೆ ಕೊನೆಯ ಪುಡಿ ಹಾಕುವ ಮುಂಚೆ ಎಲ್ಲರನ್ನೂ ಹೊರಗೆ ಕಳಿಸುತ್ತಿದ್ದರು. ಅವರು ತೀರಿಕೊಂಡ ಮೇಲೆ ಮಗ ಡಬ್ಬಿ ತೆಗೆದು ನೋಡಿದರೆ ಬರೀ ಜೀರಿಗೆ. ಮುಚ್ಚಿಟ್ಟಿದ್ದರಿಂದ ಜೀರಿಗೆಗೇನೂ ಬಡ್ತಿ ಸಿಕ್ಕಿರಲಿಲ್ಲ.

ನಾನು ಮುಚ್ಚಿಟ್ಟಿದ್ದು ಜೀರಿಗೆಯಲ್ಲ.

ನಮ್ಮಲ್ಲೊಂದು ಕಟ್ಟಳೆ. ಸಾವಿನ ಮನೆಯವರು ಪಾತ್ರೆಗೆ ಹೆಸರು ಬರೆಸಬೇಕಿಲ್ಲ. ಮದುವೆಗೆ ದಿನ ಗೊತ್ತಿರುತ್ತದೆ, ಸಾವಿಗೆ ಗೊತ್ತಿರುವುದಿಲ್ಲ. ಅವರು ಒಯ್ದದ್ದನ್ನು ಯಾಕೆ, ಎಷ್ಟು ದಿನ ಎಂದು ಕೇಳುವಂತೆಯೂ ಇಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ತಿಮ್ಮಪ್ಪಗೌಡರ ತಾಯಿ ತೀರಿಕೊಂಡರು. ಕೊಪ್ಪರಿಗೆ ಅವರ ಮನೆಗೆ ಹೋಯಿತು. ತಿಥಿ ಮುಗಿದ ಮಾರನೇ ದಿನ ಗೌಡರು ಮನೆಮಂದಿಯನ್ನೆಲ್ಲ ಕರೆದುಕೊಂಡು ಅಸ್ಥಿ ಬಿಡಲು ತೀರ್ಥಹಳ್ಳಿಗೆ ಹೊರಟರು, ಮರಳಿದ್ದು ನಾಲ್ಕು ದಿನ ಬಿಟ್ಟು. ಅವರ ನಾಲ್ಕು ಆಳುಗಳು ಕೊಪ್ಪರಿಗೆಯನ್ನು ಫಳಫಳ ಬೆಳಗಿ ಉಗ್ರಾಣದ ಜಗಲಿಯ ಮೇಲಿಟ್ಟು, ಕೆಲಸ ಮುಗಿಯಿತೆಂದು ಘಟ್ಟದ ಕೆಳಗೆ ತಮ್ಮೂರಿಗೆ ಇಳಿದು ಹೋದರು. ನೋಡಿದವನು ನಾನೊಬ್ಬನೇ.

ಅದೇ ದಿನ ಸಾಗರದ ಕಡೆಯಿಂದ ನನ್ನ ಭಾವ ವ್ಯಾನು ತಂದಿದ್ದ. ಹಿನ್ನೀರಿನಾಚೆ ಅವನ ಮನೆಯಲ್ಲಿ ಉಪನಯನ. "ಎರಡೇ ದಿನ ಭಾವ, ನಿನ್ನ ಕೈಲಿ ಆಗದ್ದು ಎಂತ ಇದೆ?" ಎಂದ. ಆ ಮಾತಿಗೆ ನಾನು ಉಬ್ಬಿದೆ. ಪುಸ್ತಕದಲ್ಲಿ ಬರೆಯದೆ ಕಳಿಸಿಕೊಟ್ಟೆ. ಹೊಳೆಬಾಗಿಲು ಕಡವಿನಲ್ಲಿ ಲಾಂಚು ಹತ್ತಿ ಆಚೆಗೆ ಹೋದ ಕೊಪ್ಪರಿಗೆ ಹಿಂದಿರುಗುವ ದಿನ ಗಾಳಿ ಜೋರಾಗಿ ಲಾಂಚೇ ಹೊರಡಲಿಲ್ಲ. ಇತ್ತ ನಮ್ಮೂರಿನಲ್ಲಿ ಮೊದಲೇ ಹೆಸರು ಬರೆಸಿದ್ದ ಒಂದು ಮದುವೆ. ಹುಡುಗಿಯ ಅಪ್ಪ ಉಗ್ರಾಣದ ಮುಂದೆ ನಿಂತು, "ಕೊಪ್ಪರಿಗೆ ಎಲ್ಲಿ ಶೀನಣ್ಣ?" ಎಂದು ಕೇಳಿದರು.

"ಗೌಡ್ರ ಮನೆಯಿಂದ ಇನ್ನೂ ಬಂದಿಲ್ಲ" ಎಂದೆ. ಪುಸ್ತಕದಲ್ಲೂ ಹಾಗೆಯೇ ಬರೆದೆ.

ಸಾವಿನ ಮನೆಯವರನ್ನು ಯಾರೂ ಕೇಳುವಂತಿಲ್ಲವಲ್ಲ, ಕೇಳಲಿಲ್ಲ. ಕೇಳದೆ ಇದ್ದುದರಿಂದ ಗೌಡರಿಗೆ ಉತ್ತರ ಹೇಳುವ ದಾರಿಯೂ ಇರಲಿಲ್ಲ. ಮೂರನೇ ದಿನ ಮಧ್ಯಾಹ್ನ ಊರು ಉಂಡು ಮಲಗಿದ ಹೊತ್ತಿನಲ್ಲಿ ಕೊಪ್ಪರಿಗೆ ಉಗ್ರಾಣ ಸೇರಿತು. ಮಾತು ಮಾತ್ರ ಹೊರಗೇ ಉಳಿಯಿತು. "ಗೌಡ್ರ ಮನೆಗೆ ಹೋಗೋ ಮುಂಚೆ ನಮಗೆ ಕೊಡು ಮಾರಾಯ" ಎಂದು ನಗುವುದು ಊರಿಗೆ ರೂಢಿಯಾಯಿತು. ಗೌಡರ ಕಿವಿಗೂ ಬಿದ್ದಿರಬೇಕು. ಆಮೇಲೆ ಅವರು ಊರಿನ ಒಂದು ಸೌಟನ್ನೂ ಮುಟ್ಟಲಿಲ್ಲ. ಮಗಳ ಮದುವೆಗೆ ತೀರ್ಥಹಳ್ಳಿಯಿಂದ ಬಾಡಿಗೆ ಪಾತ್ರೆ ತರಿಸಿದರು. ಆ ಮದುವೆಯಲ್ಲಿ ನಾನು ಎರಡು ಸಲ ಪಾಯಸ ಹಾಕಿಸಿಕೊಂಡೆ. ಬಾಡಿಗೆ ಪಾತ್ರೆಗಳ ಕಡೆ ಮಾತ್ರ ತಿರುಗಿ ನೋಡಲಿಲ್ಲ.

ಹಳೆಯ ಪುಸ್ತಕವನ್ನೆಲ್ಲ ಕಂಪ್ಯೂಟರಿಗೆ ಏರಿಸುವಾಗ ಆ ಪುಟ ಬಂತು. ಹಾಗೇ ಏರಿಸಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಬ್ಯಾಕೆಂಡಿನಲ್ಲಿ ಪ್ರತಿ ಪಟ್ಟಿಗೂ ಒಂದು ಬೀಗದ ಚಿತ್ರ ಇರುತ್ತದೆ. ಬೀಗ ಇರುವ ತನಕ ಯಜಮಾನನಿಗೆ ಮಾತ್ರ ಕಾಣುತ್ತದೆ. ಬೀಗ ಒತ್ತಿ, ನಿಯಮ ಬರೆಯುವ ಜಾಗವನ್ನು ಖಾಲಿ ಬಿಟ್ಟರೆ ಊರಿಗೆಲ್ಲ ಕಾಣುತ್ತದೆ. ಎಲ್ಲರಿಗೂ ತೆರೆಯಲು ಏನನ್ನೂ ಬರೆಯಬೇಕಿಲ್ಲ! ನಾನು ನಡೆದದ್ದನ್ನು ನಡೆದ ಹಾಗೆ ಏರಿಸಿದೆ: "ಗೌಡರ ಮನೆಯಿಂದ ತಿಥಿಯ ಮರುದಿನವೇ ಬಂದಿದೆ. ಶೀನ ತನ್ನ ಭಾವನ ಮನೆಗೆ ಕಳಿಸಿದ. ಸುಳ್ಳು ಹೇಳಿದ." ಬೆರಳು ಬೀಗದ ಮೇಲೆ ಒಂದು ಎಲೆಯಡಿಕೆ ಕವಳ ಮೆಲ್ಲುವಷ್ಟು ಹೊತ್ತು ನಿಂತಿತ್ತು. ಆಮೇಲೆ ಒತ್ತಿದೆ.

ಯಾರೋ ಓದಿ ಹೇಳುವ ಮುಂಚೆ ನಾನೇ ಹೇಳಬೇಕೆಂದು ಮರುದಿನ ಬೆಳಿಗ್ಗೆ ಮೊಬೈಲು ಹಿಡಿದು ಗೌಡರ ಮನೆಗೆ ಹೋದೆ. ಈಗ ಅವರಿಗೆ ಎಂಬತ್ತೈದು ದಾಟಿದೆ. ಭೂತಗನ್ನಡಿ ಹಿಡಿದು ಆ ಮೂರು ಸಾಲನ್ನು ಮೂರು ಸಲ ಓದಿದರು. ಹೊಡೆಯುತ್ತಾರೇನೋ ಎಂದು ನಾನು ಕೂತಲ್ಲೇ ಸ್ವಲ್ಪ ಸರಿದೆ.

"ನಾ ಸತ್ತ ಮೇಲೆ ಬರೆದಿದ್ರೆ ಏನು ಮಾಡ್ಲಿಕ್ಕಿತ್ತು ಮಾರಾಯ" ಎಂದು ಎದ್ದು ಒಳಗೆ ಹೊರಟರು. "ಏ ಇವಳೇ! ಬಾ ಇಲ್ಲಿ, ಓದು! ಆಳುಗಳಿಗೆ ಹೇಳಿದ್ದೆ ಅಂತ ಬಡ್ಕೊಂಡ್ರೆ ನಂಬಿದ್ಯಾ ನೀನು? ಮರೆಗುಳಿ, ಮನೆ ಮರ್ಯಾದೆ ಕಳೆದವ ಅಂತ ಎಷ್ಟು ಸಲ ಅಂದಿ!"

ಊರು ನಗುತ್ತಿತ್ತೆಂದು ನನಗೆ ಗೊತ್ತಿತ್ತು. ಅವರ ಮನೆಯೊಳಗೂ ನನ್ನ ಸುಳ್ಳು ಇಷ್ಟು ವರ್ಷ ಊಟಕ್ಕೆ ಕೂತಿತ್ತೆಂದು ಗೊತ್ತಿರಲಿಲ್ಲ. ಆಮೇಲೆ ಗೌಡರ ಹೆಂಡತಿ ಗಿರಿಜಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಹೊರಗೆ ಬಂದು ನನ್ನೆದುರು ನಿಂತರು.

"ಇಷ್ಟು ವರ್ಷ ಇವರಿಗೆ ಬೈದಿದ್ದೆಲ್ಲ ನಿಮಗೆ ಸೇರಬೇಕಿತ್ತಲ್ಲ ಶೀನಣ್ಣ" ಎಂದರು. "ಕೂತ್ಕೊಳ್ಳಿ. ಮೊದಲಿಂದ ಶುರು ಮಾಡ್ತೀನಿ."

ಬೈದರು, ಎರಡು ಲೋಟ ಕಾಫಿ ಮುಗಿಯುವ ತನಕ ಬೈದರು. ಗೌಡರು ನಡುನಡುವೆ, "ಅದೊಂದು ಬಿಟ್ಟೆ ನೋಡು, ಅದನ್ನೂ ಸೇರಿಸು" ಎಂದು ನೆನಪು ಮಾಡುತ್ತಿದ್ದರು. ಬೈಗುಳ ಸರಿಯಾದ ವಿಳಾಸಕ್ಕೆ ಬಂದು ಮುಟ್ಟಿದರೆ ಇಷ್ಟು ನೆಮ್ಮದಿ ಎಂದು ಮೊದಲೇ ಗೊತ್ತಿದ್ದರೆ, ನಾನು ಎಂದೋ ಹೋಗಿ ಅವರ ಜಗಲಿಯಲ್ಲಿ ಕೂತುಬಿಡುತ್ತಿದ್ದೆ.