ಪ್ರಭಾರಿ ಬಸವಂತಮ್ಮ

ಬಸವಂತಮ್ಮ ಟೀಚರ್ ಬಗ್ಗೆ ಬರೆಯುವ ಯೋಗ್ಯತೆ ನನಗಿಲ್ಲ. ಆದರೆ ಬರೆಯಬೇಕಾದವರು ಬರೆಯುತ್ತಿಲ್ಲ. ಶಿಕ್ಷಕರ ದಿನಾಚರಣೆಗೆ ಶಾಲು ಹಿಡಿದು ಓಡಾಡುವವರಿಗಂತೂ ಅವರ ಹೆಸರೇ ಗೊತ್ತಿಲ್ಲ. ಹಾಗಾಗಿ ಅವರಿಗೆ ಅನ್ಯಾಯ ಮಾಡಿದ ನಾನೇ ಬರೆಯಲು ಕುಳಿತಿದ್ದೇನೆ.

ದೇವದುರ್ಗ ತಾಲ್ಲೂಕಿನ ಒಂದು ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಊರಿನ ಹೆಸರು ಬೇಡ. ಮಂಜೂರಾದ ಹುದ್ದೆಗಳು ಎಂಟು. ನಾನು ಸೇರಿದಾಗ ಇದ್ದವರು ನಾಲ್ವರು. ಮೂರೇ ವರ್ಷದಲ್ಲಿ ಕಾಯಂ ಶಿಕ್ಷಕರು ಅಂತ ಉಳಿದದ್ದು ಇಬ್ಬರೇ, ಬಸವಂತಮ್ಮ ಮತ್ತು ನಾನು. ಮಿಕ್ಕವರು ಅತಿಥಿ ಶಿಕ್ಷಕರು. ಸೇವೆಯಲ್ಲಿ ಹಿರಿಯರು ಎಂಬ ಕಾರಣಕ್ಕೆ ಹನ್ನೊಂದು ವರ್ಷದಿಂದ ಅವರೇ ಪ್ರಭಾರಿ ಮುಖ್ಯ ಗುರು. ಅಂದರೆ ಕೆಲಸವೆಲ್ಲ ಮುಖ್ಯ ಗುರುವಿನದು, ಹುದ್ದೆ ಮಾತ್ರ ಸಹಶಿಕ್ಷಕಿಯದು. ಬೈಸಿಕೊಳ್ಳುವುದಕ್ಕೆ ಹುದ್ದೆಯ ಅಡ್ಡಿ ಇರಲಿಲ್ಲ.

ಅವರ ಮನೆ ಮಾನ್ವಿ ತಾಲ್ಲೂಕಿನ ಬಾಗಲವಾಡದಲ್ಲಿ. ಗಂಡ ಶಂಭುಲಿಂಗಪ್ಪ ಅಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಾರೆ. ಒಬ್ಬಳೇ ಮಗಳು ಶೈಲಶ್ರೀ. ಬಸವಂತಮ್ಮ ಶಾಲೆಯ ಊರಲ್ಲೇ ಒಂದು ಕೋಣೆ ಬಾಡಿಗೆ ಹಿಡಿದಿದ್ದರು. ಶನಿವಾರ ಶಾಲೆ ಬಿಟ್ಟ ಮೇಲೆ ಎರಡು ಬಸ್ಸು ಬದಲಿಸಿ ಮನೆ ಸೇರುವುದು, ಭಾನುವಾರ ಒಂದು ದಿನ ಇರುವುದು, ಸೋಮವಾರ ಮಗಳು ಏಳುವ ಮೊದಲೇ ಮೊದಲ ಬಸ್ಸು ಹತ್ತುವುದು. ಇದೇ ಅವರ ಹದಿನಾರು ವರ್ಷದ ಸಂಸಾರ.

ಒಮ್ಮೆ ಚಹಾ ಕುಡಿಯುತ್ತಾ ಅವರೇ ಹೇಳಿದ್ದರು. "ಒಂದು ಸೋಮವಾರ ನನ್ನ ಮನ್ಯಾಗ ಏಳಬೇಕ್ರೀ ಸರ್. ಮಗಳಿಗೆ ಜಡಿ ಹಾಕಿ ಸಾಲಿಗೆ ಕಳಸಿ, ಆಮ್ಯಾಲೆ ನಾನೂ ನಡಕೊಂತ ಸಾಲಿಗೆ ಹೋಗಬೇಕು. ಮತ್ತೇನೂ ಬ್ಯಾಡ ನನಗ."

ಅದೇನು ದೊಡ್ಡ ಆಸೆಯೇ? ಆದರೆ ನಮ್ಮ ಇಲಾಖೆಯಲ್ಲಿ ಒಂದು ನಿಯಮ ಇದೆ. ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಹುದ್ದೆ ಖಾಲಿ ಇರುವ ತಾಲ್ಲೂಕಿನಿಂದ ಯಾರೂ ಹೊರಗೆ ವರ್ಗ ಆಗುವಂತಿಲ್ಲ. ದೇವದುರ್ಗಕ್ಕೆ ಹೊಸಬರು ಬರುವುದು ಕಡಿಮೆ, ಬಂದವರು ಹೇಗಾದರೂ ಮಾಡಿ ಹೋಗುತ್ತಾರೆ, ಹಾಗಾಗಿ ಉಳಿದವರು ಉಳಿದೇ ಇರುತ್ತಾರೆ. ಬಸವಂತಮ್ಮ ಪ್ರತಿ ವರ್ಷ ಅರ್ಜಿ ಹಾಕುತ್ತಿದ್ದರು. ಪ್ರತಿ ವರ್ಷ ರಾಯಚೂರಿನ ವರ್ಗಾವಣೆ ಕೌನ್ಸೆಲಿಂಗ್‌ಗೆ ಹೋಗಿ, ಪರದೆಯ ಮೇಲೆ ನಮ್ಮ ತಾಲ್ಲೂಕಿನ ಲೆಕ್ಕ ನೋಡಿ ವಾಪಸ್ಸು ಬರುತ್ತಿದ್ದರು.

ಇಷ್ಟಾದರೂ ಶಾಲೆಯ ಮೇಲೆ ಒಂದು ದಿನ ಸಿಟ್ಟು ತೀರಿಸಿಕೊಂಡವರಲ್ಲ. ಸೋರದ ಕೋಣೆಗಳು ಎರಡೇ ಇದ್ದಾಗ, ಒಂದೇ ಕೋಣೆಯಲ್ಲಿ ಮೂರು ಗೋಡೆಗೆ ಮೂರು ಬೋರ್ಡು ಹಾಕಿಸಿ ಮೂರು ತರಗತಿಗಳನ್ನು ಬೆನ್ನಿಗೆ ಬೆನ್ನು ಕೂರಿಸಿದರು. ಕೊರೊನಾದಲ್ಲಿ ಶಾಲೆ ಮುಚ್ಚಿದಾಗ ಓಣಿ ಓಣಿಯ ಕಟ್ಟೆ ಮೇಲೆ ಪಾಠ ಮಾಡಿದರು. ಹತ್ತಿ ಬಿಡಿಸುವ ಕಾಲಕ್ಕೆ ಮಕ್ಕಳು ಹೊಲಕ್ಕೆ ಹೋದರೆ ಬೆಳಿಗ್ಗೆ ಏಳಕ್ಕೇ ಹೊಲದ ಬದುವಿನ ಮೇಲೆ ನಿಂತು ಹೆಸರು ಹಿಡಿದು ಕೂಗುತ್ತಿದ್ದರು. ತಾಯಂದಿರು ನಾಚಿಕೊಂಡು ಕಳಿಸುತ್ತಿದ್ದರು. ವರ್ಷಕ್ಕೊಂದು ಹೊಸ ಯೋಜನೆ, ತಿಂಗಳಿಗೊಂದು ಹೊಸ ಆ್ಯಪ್. ಸುತ್ತೋಲೆ ಬಂದ ದಿನ ನಾನು ತಲೆ ಕೆಡಿಸಿಕೊಂಡು ಒದರಾಡುತ್ತಿದ್ದೆ. ಅವರು ಪೂರ್ತಿ ಓದಿ, ಮಡಚಿ ಇಟ್ಟು, "ಮಾಡೂಣ್ರಿ. ಮೊದಲು ಹುಡುಗರು ಕುಂತಾವು, ನಡೀರಿ" ಅನ್ನುತ್ತಿದ್ದರು.

ಎರಡು ವರ್ಷದ ಹಿಂದೆ ಹೊಸ ನೇಮಕಾತಿಯವರು ಒಂದಷ್ಟು ಜನ ತಾಲ್ಲೂಕಿಗೆ ಬಂದರು. ನಮ್ಮ ಶಾಲೆಗೆ ಒಬ್ಬರೂ ಬರಲಿಲ್ಲ, ಆದರೆ ತಾಲ್ಲೂಕಿನ ಲೆಕ್ಕ ಇಪ್ಪತ್ತೈದರ ಕೆಳಗೆ ಇಳಿಯಿತು. ಆ ಸಲದ ಕೌನ್ಸೆಲಿಂಗ್‌ನಲ್ಲಿ ಬಸವಂತಮ್ಮನವರಿಗೆ ಬಾಗಲವಾಡದ ಶಾಲೆಯೇ ಸಿಕ್ಕಿತು. ಆದೇಶದ ಪ್ರತಿಯನ್ನು ತಂದು ನನಗೆ ತೋರಿಸಿದರು. ಶೈಲಶ್ರೀ ಆಗ ಹತ್ತನೆಯ ತರಗತಿ. "ಇದೊಂದು ವರ್ಷ ಸರ್. ಬರೂ ವರ್ಷ ಆಕಿ ಹಾಸ್ಟೆಲ್‌ಗೆ ಹೋಗತಾಳ. ದೇವರು ಇದೊಂದು ವರ್ಷ ಕೊಟ್ಟ" ಅಂದರು.

ಹೋಗಬೇಕೆಂದರೆ ಹದಿನೈದು ದಿನದೊಳಗೆ ಶಾಲೆಯ ಚಾರ್ಜು ಇನ್ನೊಬ್ಬ ಕಾಯಂ ಶಿಕ್ಷಕರಿಗೆ ಕೊಡಬೇಕು. ಅತಿಥಿ ಶಿಕ್ಷಕರಿಗೆ ಕೊಡುವಂತಿಲ್ಲ. ಉಳಿದವನು ನಾನೊಬ್ಬನೇ.

ನನಗೆ ಹೆದರಿಕೆ ಹತ್ತಿತು. ಒಮ್ಮೆ ಚಾರ್ಜು ತಗೊಂಡರೆ ಕೊಡಲು ನನಗೆ ಯಾರು ಸಿಗುತ್ತಾರೆ? ನನ್ನ ಹೆಂಡತಿ ರಾಯಚೂರಿನಲ್ಲಿ ಸರ್ಕಾರಿ ನರ್ಸ್, ಮಗ ಇನ್ನೂ ಚಿಕ್ಕವನು. ಇವರ ಹಾಗೆ ನಾನೂ ಹದಿನಾರು ವರ್ಷ ಇಲ್ಲೇ ಕೊಳೆಯುತ್ತೇನೆ ಅನ್ನಿಸಿತು. ಮರುದಿನವೇ ರಾಯಚೂರಿಗೆ ಹೋಗಿ, ಪರಿಚಯದ ಡಾಕ್ಟರರಿಂದ ಸೊಂಟ ನೋವಿನ ಚೀಟಿ ಬರೆಸಿ, ಇಪ್ಪತ್ತು ದಿನದ ರಜೆ ಕಳಿಸಿದೆ. ಸೊಂಟಕ್ಕೆ ಏನೂ ಆಗಿರಲಿಲ್ಲ.

ಬಸವಂತಮ್ಮ ಫೋನ್ ಮಾಡಿದರು. ಎತ್ತಲಿಲ್ಲ. ಹನ್ನೆರಡನೆಯ ದಿನ ಶಂಭುಲಿಂಗಪ್ಪನವರು ಮನೆ ಹುಡುಕಿಕೊಂಡು ಬಂದರು. ಬಾಗಿಲಲ್ಲಿ ಅವರ ದನಿ ಕೇಳಿದ್ದೇ ಸೊಂಟ ನೋವಿನ ಬೆಲ್ಟು ಬಿಗಿದುಕೊಂಡು ಮಂಚದ ಮೇಲೆ ಮಲಗಿದೆ.

"ಹ್ಯಾಂಗದೀರಿ ಸರ್?" ಅಂದರು. ಅಂಗಿಯ ತೋಳಿನ ಮಡಿಕೆಯಲ್ಲಿ ಹಿಟ್ಟು ಇತ್ತು.

"ಏಳಾಕ ಬರಂಗಿಲ್ರೀ" ಅಂದೆ.

"ಅರ್ಧಾ ತಾಸು ಕೂಡಾಕ ಬಂದರ ಸಾಕಿತ್ರೀ. ಗಾಡಿ ಮಾಡಕೊಂಡು ಬಂದೀನಿ. ಬರೇ ಸಹಿ ಮಾಡಿ ಮತ್ತ ಮಕ್ಕೋರಿ. ಆಕಿ ಕೇಳಬ್ಯಾಡ ಅಂದಿದ್ಳು, ನನಗ ತಡಕೊಳ್ಳಾಕ ಆಗಲಿಲ್ಲ."

ನಾನು ಗೋಡೆಯ ಕಡೆ ಹೊರಳಿದೆ. ಹೊರಳುವಾಗ ನರಳಿದೆ ಕೂಡ, ಅದನ್ನೂ ಹೇಳಿಬಿಡುತ್ತೇನೆ. ಅವರು "ಆರಾಮ ಆಗ್ರಿ ಮೊದಲು" ಎಂದು ಎದ್ದರು. ಜೋಳದ ಹಿಟ್ಟಿನ ಚೀಲವೊಂದನ್ನು ಅಡುಗೆಮನೆಯ ಬಾಗಿಲಲ್ಲಿ ಬಿಟ್ಟುಹೋಗಿದ್ದರು. ಆ ಹಿಟ್ಟಿನ ರೊಟ್ಟಿ ಒಂದು ತಿಂಗಳು ತಿಂದೆ.

ಗಡುವು ಮುಗಿಯಿತು, ಆದೇಶ ರದ್ದಾಯಿತು. ನಾನು ಶಾಲೆಗೆ ಮರಳಿದ ದಿನ ಬಸವಂತಮ್ಮ ಮೂರು ಬೋರ್ಡಿನ ಕೋಣೆಯಲ್ಲಿ ಗುಣಾಕಾರ ಹೇಳಿಕೊಡುತ್ತಿದ್ದರು. "ಬರ್ರಿ ಸರ್, ಆರಾಮ ಆತೇನು?" ಎಂದು ಕೇಳಿದರು. ಮುಖದಲ್ಲಿ ಏನೂ ಇರಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆ ವರ್ಷವೂ ಅವರು ಶನಿವಾರ ಹೋಗಿ ಸೋಮವಾರ ಬಂದರು. ಶೈಲಶ್ರೀ ಹತ್ತನೆಯದು ಪಾಸಾಗಿ ರಾಯಚೂರಿನ ಹಾಸ್ಟೆಲ್ ಸೇರಿದಳು.

ಮರುವರ್ಷ ತಾಲ್ಲೂಕಿನ ಲೆಕ್ಕ ಮತ್ತೆ ಏರಿತು. ಅವರಿಗೆ ದಾರಿ ಮುಚ್ಚಿತು. ನನಗೆ ಹಾಗಾಗಲಿಲ್ಲ, ಗಂಡ ಹೆಂಡತಿ ಇಬ್ಬರೂ ಸರ್ಕಾರಿ ನೌಕರರಾದರೆ ಬೇರೆ ಸಾಲು, ಇಪ್ಪತ್ತೈದರ ನಿಯಮ ಅವರಿಗೆ ತಾಗುವುದಿಲ್ಲ. ರಾಯಚೂರಿಗೇ ವರ್ಗವಾಯಿತು. ಆದೇಶದಲ್ಲಿ ಒಂದು ಷರತ್ತಿತ್ತು: ಬದಲಿ ವ್ಯವಸ್ಥೆ ಆಗುವವರೆಗೆ ಬಿಡುಗಡೆ ಮಾಡತಕ್ಕದ್ದಲ್ಲ. ಬಿಡುಗಡೆ ಮಾಡಬೇಕಾದವರು ಪ್ರಭಾರಿ ಮುಖ್ಯ ಗುರು. ಅವರು ಬೇಕೆಂದರೆ ನನ್ನನ್ನು ವರ್ಷಗಟ್ಟಲೆ ಕೂರಿಸಬಹುದಿತ್ತು. ಆದೇಶವನ್ನು ಅವರ ಮೇಜಿನ ಮೇಲೆ ಇಟ್ಟು ತಲೆ ತಗ್ಗಿಸಿ ನಿಂತೆ.

ಅವರು ಅಲ್ಲೇ ಬಿಡುಗಡೆ ಪತ್ರ ಬರೆದರು. ಬದಲಿ ವ್ಯವಸ್ಥೆ ಮಾಡಿಕೊಳ್ಳಲಾಗಿದೆ ಎಂದು ಕೊನೆಗೆ ಸೇರಿಸಿ ಸಹಿ ಹಾಕಿದರು.

"ಬದಲಿ ಯಾರು ಬರಾಕತ್ತಾರ್ರೀ ಟೀಚರ್?"

"ನಾನು ಅದೀನಲ್ರೀ."

ನನ್ನಿಂದ ತಡೆಯಲಾಗಲಿಲ್ಲ. "ಟೀಚರ್, ಹೋದ ವರ್ಷ ನನ್ನ ಸೊಂಟ..."

"ಗೊತ್ತದ್ರೀ ಸರ್" ಎಂದು ಮೊಹರು ಒತ್ತಿದರು. "ನಿಮ್ಮ ಮಗ ಈಗ ಒಂದನೇ ಕ್ಲಾಸಲ್ಲೇನು? ಲಗೂ ಹೋಗ್ರಿ. ಹುಡುಗರು ಭಾಳ ಲಗೂ ದೊಡ್ಡವರಾಗತಾರ."

ಕ್ಷಮಿಸಿ ಅಂತ ನಾನು ಹೇಳಲಿಲ್ಲ. ಹನ್ನೆರಡರ ಬಸ್ಸಿಗೆ ಹೊರಟುಬಂದೆ. ಚಾರ್ಜು ತಗೊಳ್ಳಲು ಆ ಶಾಲೆಗೆ ಇನ್ನೂ ಯಾರೂ ಬಂದಿಲ್ಲ.