ಸಾಹುಕಾರರ ರಸ್ತೆಯಲ್ಲಿ ನೆರೆಮನೆ ಹುಡುಕಿದ್ದು

“ಯಾರು ಬೇಕಾಗಿತ್ತು?”

ತಿಪಟೂರಿಗೆ ಬಂದ ಮರುದಿನ ಬೆಳಿಗ್ಗೆ ಈ ಊರು ನಮ್ಮ ಅತ್ತೆಯನ್ನು ಕೇಳಿದ ಮೊದಲ ಪ್ರಶ್ನೆ ಇದು. ಹಾಲು ಕಾಯಿಸಿ ಇಟ್ಟಿದ್ದೆ, ಹೆಪ್ಪು ಹಾಕಲು ಚೂರು ಮೊಸರಿರಲಿಲ್ಲ. ಅತ್ತೆ ಸಣ್ಣ ಬಟ್ಟಲು ಹಿಡಿದು, ಸೆರಗು ತಲೆಯ ಮೇಲೆ ಎಳೆದುಕೊಂಡು ಪಕ್ಕದ ಬಂಗಲೆಗೆ ಹೊರಟರು. ಗೇಟಿನ ಬಳಿಯಿದ್ದ ಆಳು ತಡೆದು ನಿಲ್ಲಿಸಿ ಹೀಗೆ ಕೇಳಿದ.

“ಯಾರಿದ್ರೂ ನಡೀತೈತಿ” ಎಂದರು ಅತ್ತೆ.

“ಹಂಗಂದ್ರೆ? ಅಮ್ಮಾವ್ರಾ, ಯಜಮಾನ್ರಾ?”

“ಮಸರು ಇದ್ದವರು ಯಾರರ ಕರಿಯಪಾ.”

ಅವನು ಅತ್ತೆಯನ್ನೂ ಬಟ್ಟಲನ್ನೂ ನೋಡಿ, “ಅಮ್ಮಾವ್ರು ಪೂಜೆಲವ್ರೆ, ಆಮೇಲ್ ಬನ್ನಿ” ಎಂದು ಗೇಟು ಮುಂದಕ್ಕೆ ತಳ್ಳಿದ. ಅತ್ತೆ ಖಾಲಿ ಬಟ್ಟಲಿನೊಂದಿಗೆ ಮೆಟ್ಟಿಲು ಹತ್ತಿ ಬಂದು, “ಹೆಪ್ಪು ಕೇಳಾಕ ಹ್ವಾದ್ರ ಹೆಸರು ಕೇಳೂ ಊರು ಇದು, ಶಾಂತಾ” ಎಂದು ಕೂತುಬಿಟ್ಟರು. ಅವತ್ತು ನಾವು ಮಜ್ಜಿಗೆಯಿಲ್ಲದೆ ಉಂಡೆವು.

ಗದಗಿನ ನಮ್ಮ ಓಣಿಯವರಿಗೆ ಇದು ನಂಬಲಾರದ ಮಾತು ಅನಿಸಬಹುದು. ಅಲ್ಲಿ ನಮ್ಮ ಗೋಡೆಯೂ ಪಕ್ಕದವರ ಗೋಡೆಯೂ ಒಂದೇ. ಇಲ್ಲಿ ಒಂದು ಮನೆಗೂ ಇನ್ನೊಂದು ಮನೆಗೂ ನಡುವೆ ಎರಡು ಕಂಪೌಂಡು, ಎರಡು ಸಾಲು ತೆಂಗು, ಒಂದು ನಾಯಿ.

ಎಪ್ಪತ್ತೊಂಬತ್ತನೇ ಇಸವಿಯಲ್ಲಿ ನನಗೆ ತಿಪಟೂರಿನ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಕೆಲಸ ಸಿಕ್ಕಿತು. ನನ್ನ ಗಂಡ ಗದಗಿನ ಶಾಲೆಯೊಂದರಲ್ಲಿ ಚಿತ್ರಕಲೆಯ ಮೇಷ್ಟ್ರು. ಅವರಿಗೆ ಈ ಕಡೆ ವರ್ಗ ಸಿಗುವ ತನಕ ಅತ್ತೆ ಗಂಗವ್ವ ನನ್ನ ಜೊತೆಗಿರುವುದೆಂದು ತೀರ್ಮಾನವಾಯಿತು. ಮನೆ ಹುಡುಕಲು ಬಂದ ನನ್ನ ಗಂಡನಿಗೆ ಒಂದೇ ಚಿಂತೆ: “ಇಬ್ಬರ ಹೆಂಗಸೂರು ಇರಾವ್ರು. ಬಾಡಿಗಿ ಹೋದ್ರ ಹೋಗ್ಲಿ, ಮರ್ಯಾದಸ್ಥರ ನಡುವ ಇರ್ರಿ.” ಹಾಗೆ ಸಿಕ್ಕಿದ್ದು ಈ ಮಹಡಿ ಮನೆ. ಕೊಬ್ಬರಿ ಮಂಡಿಯವರೂ ದೊಡ್ಡ ತೋಟದವರೂ ಬಂಗಲೆ ಕಟ್ಟಿಕೊಂಡ ಈ ರಸ್ತೆಗೆ ಊರಿನವರು ಇಟ್ಟ ಹೆಸರು ಸಾಹುಕಾರರ ರಸ್ತೆ. ಕೆಳಗಿದ್ದ ಮನೆಯ ಮಾಲೀಕರು ವಾರದಲ್ಲಿ ಅರ್ಧದಷ್ಟು ದಿನ ಹೊನ್ನವಳ್ಳಿಯ ತೋಟದಲ್ಲೇ ಇರುತ್ತಿದ್ದರು. “ಈ ರಸ್ತೇಲಿ ಯಾರೂ ಬಾಡಿಗೆಗೆ ಕೊಡಲ್ಲ ಕಣ್ರೀ. ಹೆಂಗಸ್ರು ಅಂತ ಕೊಡ್ತಿದೀವಿ” ಎಂದು ಅವರು ಹೇಳಿದಾಗ ನಾವು ದೊಡ್ಡ ಪರೀಕ್ಷೆ ಪಾಸಾದವರಂತೆ ಹಿಗ್ಗಿದ್ದೆವು. ನನ್ನ ಸಂಬಳದ ಅರ್ಧ ಆ ಹಿಗ್ಗಿಗೇ ಹೋಗುತ್ತಿತ್ತು.

ಕೊಟ್ಟ ದುಡ್ಡಿಗೆ ಏನೂ ಸಿಗಲಿಲ್ಲ ಅಂದರೆ ಸುಳ್ಳಾದೀತು. ನಲ್ಲಿ ತಿರುಗಿಸಿದರೆ ನೀರು. ಗದಗಿನಲ್ಲಿ ನೀರಿಗಾಗಿ ಕೊಡ ಸಾಲಿಗಿಟ್ಟು ಬೆಳೆದ ನನಗೆ ಅದೇ ಅರಮನೆ. ಕಿಟಕಿ ತೆಗೆದರೆ ತೆಂಗಿನ ಗರಿಗಳ ಗಾಳಿ. ಎಲ್ಲಕ್ಕಿಂತ ಮಿಗಿಲಾಗಿ ಆ ರಸ್ತೆಯ ನಿಶ್ಶಬ್ದ. ದಿನವಿಡೀ ನನ್ನ ಕಿವಿಗೆ ಹೆಡ್‌ಫೋನು. ಬೋರ್ಡಿನಲ್ಲಿ ದೀಪ ಹತ್ತಿದರೆ “ನಂಬರ್ ಪ್ಲೀಸ್” ಎನ್ನಬೇಕು, ತಂತಿ ಚುಚ್ಚಬೇಕು, ಮುಂದಿನ ದೀಪ ನೋಡಬೇಕು. ಕೊಬ್ಬರಿ ಹರಾಜಿನ ದಿನವಂತೂ ಬೊಂಬಾಯಿ, ದಿಲ್ಲಿಗೆ ಟ್ರಂಕ್ ಕಾಲ್ ಬುಕ್ ಮಾಡಿದವರೆಲ್ಲ ನನ್ನ ಕಿವಿಯೊಳಗೇ ಮಂಡಿ ತೆರೆದು ಕೂರುತ್ತಿದ್ದರು. ಲೈನು ಸಿಕ್ಕವರಿಗಿಂತ ಸಿಗದವರ ದನಿ ಜೋರು. ಅಷ್ಟೆಲ್ಲ ಕೇಳಿ ಮನೆಗೆ ಬಂದಾಗ ಗರಿಗಳ ಸರಸರ ಬಿಟ್ಟರೆ ಬೇರೇನೂ ಕೇಳದ ಆ ರಸ್ತೆ ನನಗೆ ಎಷ್ಟು ಕೊಟ್ಟರೂ ಸಾಲದು ಎನಿಸುತ್ತಿತ್ತು.

ಹೊಸ ಊರನ್ನು ನಾನು ಖುಷಿಯಿಂದಲೇ ಕಲಿತೆ. ಇಲ್ಲಿ ‘ಬಿಡಿ’ ಎನ್ನುವುದು ‘ಬುಡಿ’ ಆಗುತ್ತದೆ. ನಾವು ಮಾಳಿಗೆ ಎನ್ನುವುದಕ್ಕೆ ಇವರು ತಾರಸಿ ಎನ್ನುತ್ತಾರೆ. ಬರಿಯ ‘ಕಾಯಿ’ ಎಂದರೆ ತೆಂಗಿನಕಾಯಿ. ಬೇರೆ ಯಾವ ಕಾಯಿಗೂ ಈ ಊರಲ್ಲಿ ಆ ಗೌರವವಿಲ್ಲ. ಗದಗಿನಲ್ಲಿ ಒಂದು ತೆಂಗಿನಕಾಯಿ ಒಡೆದರೆ ಅದರ ಚೂರು ಓಣಿಗೆಲ್ಲ ಹಂಚುತ್ತಿದ್ದೆವು. ಇಲ್ಲಿ ಪಲ್ಯಕ್ಕೆ, ಸಾರಿಗೆ, ಚಟ್ನಿಗೆ, ಕೊನೆಗೆ ತಲೆಗೂ ಅದೇ. ಕೆಳಗಿನ ಮನೆಯಾಕೆ ಒಮ್ಮೆ ಮುದ್ದೆ, ಬಸ್ಸಾರು ಕಳಿಸಿದ್ದರು. ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿನಲ್ಲೇ ಮಾಡುವ ಸಾರು ಅದು. ಅತ್ತೆ ಮುದ್ದೆಯನ್ನು ಜೋಳದ ರೊಟ್ಟಿಯ ಹಾಗೆ ಅಗಿಯತೊಡಗಿದರು. “ನುಂಗ್ಬೇಕು ಕಣಜ್ಜಿ, ಅಗೀಬಾರ್ದು!” ಎಂದು ಆಕೆ ನಕ್ಕು ಸುಸ್ತಾದರು. “ಅಗೀಲಾರದ ನುಂಗಾಕ ಅದೇನು ಗುಳಿಗಿ ಏನವ್ವ?” ಎಂದರು ಅತ್ತೆ. ಅಷ್ಟೇ ಆ ವಾರದ ಮಾತುಕತೆ. ಮರುದಿನ ಮನೆಯವರು ತೋಟಕ್ಕೆ ಹೋದರು.

ಈ ಕಡೆ ತೆಂಗಿನಕಾಯಿಯನ್ನು ಮನೆಯ ಅಟ್ಟದ ಮೇಲೆ ತಿಂಗಳುಗಟ್ಟಲೆ ಬಿಡುತ್ತಾರೆ. ಒಳಗಿನ ನೀರು ತಾನಾಗಿಯೇ ಆರಿ, ಕೊಬ್ಬರಿ ಉಂಡೆಯಾಗಿ ಚಿಪ್ಪು ಬಿಡುತ್ತದೆ. ಮನೆಯ ಯಜಮಾನರು ಅಂಥದೊಂದು ಕಾಯಿಯನ್ನು ಅತ್ತೆಯ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಲೊಟಲೊಟ ಸದ್ದು. ಅವರು ಹೋದ ಮೇಲೆ ಅತ್ತೆ ಮೆಲ್ಲಗೆ ಹೇಳಿದರು: “ನಂದೂ ಹಂಗ ಆಗೇತಿ ನೋಡು. ಅಟ್ಟದ ಮ್ಯಾಲೆ ಕುಂತು ಕುಂತು ಒಳಗಿನ ನೀರೆಲ್ಲ ಆರಾಕತ್ತೇತಿ.”

ನಗುತ್ತಲೇ ಹೇಳಿದ್ದರು. ಆದರೆ ಊಟ ಕಡಿಮೆಯಾಗಿತ್ತು. ನಾನು ಕೆಲಸದಿಂದ ಬರುವಾಗ ಬಾಲ್ಕನಿಯಲ್ಲಿ ನಿಂತಿರುತ್ತಿದ್ದರು. ಮೆಟ್ಟಿಲು ಹತ್ತುವಷ್ಟರಲ್ಲೇ ಕಾಗೆ ಬಂದದ್ದು, ಪೋಸ್ಟಿನವನು ಹೋದದ್ದು, ಎಲ್ಲ ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು. ಮಾತು ಕೇಳಿ ಕೇಳಿ ದಣಿದವಳು ನಾನು, ಮಾತಿಗೆ ಹಸಿದವರು ಅವರು. ಒಂದು ದಿನ, “ನನ್ನ ಊರಿಗೆ ಕಳಿಸಿಬಿಡವ್ವ” ಎಂದರು. ಅವರು ಹೋದರೆ ನಾನೊಬ್ಬಳೇ ಇಲ್ಲಿರಲು ಊರಲ್ಲಿ ನಮ್ಮವರು ಒಪ್ಪುತ್ತಿರಲಿಲ್ಲ, ಕೆಲಸ ಬಿಡಬೇಕಾಗುತ್ತಿತ್ತು. ಸಾಲಿನಲ್ಲಿ ಕೊಡವಿಟ್ಟು, ಬೀದಿದೀಪದ ಕೆಳಗೆ ಓದಿ ಗಳಿಸಿದ ಕೆಲಸ ಅದು.

ಜೊತೆಯ ಆಪರೇಟರ್ ಜಯಮ್ಮನಿಗೆ ಇದನ್ನೆಲ್ಲ ಹೇಳಿಕೊಂಡೆ. “ನಮ್ ಗಲ್ಲೀಲಿ ಒಂದು ಮನೆ ಖಾಲಿ ಐತೆ ಕಣೇ, ಸ್ಟೇಷನ್ ಹಿಂದುಗಡೆ. ಬಾಡಿಗೆ ಕಮ್ಮಿ. ಗಲಾಟೆ ಮಾತ್ರ ಬೇಜಾನು” ಎಂದಳು. ಹೋಗಿ ನೋಡಿದೆ. ಎರಡು ಕೋಣೆ, ಎಲ್ಲರಿಗೂ ಸೇರಿ ಒಂದು ನಲ್ಲಿ, ಜಗಲಿಯ ತುಂಬ ಹೆಂಗಸರು, ಮಕ್ಕಳು, ಎರಡು ರೇಡಿಯೊ. ಅತ್ತೆಗೆ ಹೇಳಿ ಮಾಡಿಸಿದ ಜಾಗ. ನನ್ನ ಕಿವಿಗಳು ಮಾತ್ರ ಬೇಡ ಬೇಡ ಎಂದವು. ಆದರೂ ಬರುತ್ತೇವೆಂದು ಮಾತು ಕೊಟ್ಟು ಬಂದೆ.

ಆ ವಾರದಲ್ಲೇ ಒಂದು ಮಧ್ಯಾಹ್ನ, ಊಟದ ಹೊತ್ತು ಕಳೆದು ಬೋರ್ಡು ತಣ್ಣಗಿದ್ದಾಗ, ಒಂದು ದೀಪ ಹತ್ತಿತು.

“ನಂಬರ್ ಪ್ಲೀಸ್.”

“ನಂಬರ್ ಗೊತ್ತಿಲ್ಲ ಕಣಮ್ಮ” ಎಂದಿತು ಒಂದು ಹೆಣ್ಣುದನಿ. ದಿನಾ ಕೇಳುವ ದನಿಯೇ. “ನಮ್ ಪಕ್ಕದ್ ಮನೆ ತಾರಸಿ ಮೇಲೆ ಒಬ್ರು ಅಜ್ಜಿ ಸಿಕ್ಕಾಕ್ಕೊಂಡವ್ರೆ. ಗಾಳಿಗೆ ಬಾಗ್ಲು ಬಡ್ಕೊಂಡು ಒಳಗಡೆ ಚಿಲ್ಕ ಬಿದ್ದೋಗೈತಂತೆ. ಕೂಗ್ತಾವ್ರೆ, ಅವ್ರ ಮಾತು ಅರ್ಧ ತಿಳೀತದೆ, ಅರ್ಧ ತಿಳಿಯಲ್ಲ. ಸೊಸೆ ಎಲ್ಲವ್ಳೆ ಅಂದ್ರೆ ‘ಪೋನು, ಪೋನು’ ಅಂತಾರೆ. ಪೋನ್ ಮಾಡು ಅಂತವ್ರೇನೋ ಅಂತ ಮಾಡ್ದೆ. ಯಾರ್ಗೆ ಮಾಡ್ಬೇಕೋ ಗೊತ್ತಾಗ್ತಿಲ್ಲ.”

“ಅಯ್ಯ ಯವ್ವಾ, ಆ ಸೊಸಿ ನಾನ ಅದೀನ್ರೀ!”

“ದಿನಾ ನಂಬರ್ ಪ್ಲೀಸ್ ಅನ್ನೋ ಹುಡುಗಿ ನಮ್ ಪಕ್ಕದ್ ಮನೇಲೇ ಇದೀಯಾ?”

ನಮಗೆ ಆಪರೇಟರುಗಳಿಗೆ ನಂಬರುಗಳು ಗೊತ್ತು, ಮನೆಗಳು ಗೊತ್ತಿಲ್ಲ. ಹೆಪ್ಪು ಕೇಳಲು ಹೋದ ಬಂಗಲೆಯ ‘ಅಮ್ಮಾವ್ರು’ ಇವರೇ. ಹೆಸರು ಪುಟ್ಟಗೌರಮ್ಮ ಎಂದು ಅವತ್ತು ತಿಳಿಯಿತು.

“ಮುಂದಿನ ಬಾಗಿಲಾ ಬರೇ ಮುಚ್ಚಿರತೈತ್ರೀ, ಚಿಲಕ ಹಾಕಿರಂಗಿಲ್ಲ. ಹೊರಗಿನ ಮೆಟ್ಟಲಾ ಹತ್ತಿ ಹೋಗಿ ಮಾಳಗಿ ಬಾಗಲದ ಚಿಲಕಾ ತಗೀರಿ, ನಿಮ್ಮ ಪುಣ್ಯಾ ಬರತೈತಿ” ಎಂದೆ. ಹಗಲಲ್ಲೂ ಚಿಲಕ ಹಾಕಿಕೊಳ್ಳಿರೆಂದು ನನ್ನ ಗಂಡ ಹೇಳಿ ಹೋಗಿದ್ದರು. ಅತ್ತೆ ಅದನ್ನು ಒಂದು ದಿನವೂ ಪಾಲಿಸಿರಲಿಲ್ಲ. ಪಾಲಿಸಿದ್ದರೆ ಅವತ್ತು ಸಂಜೆಯ ತನಕ ಬಿಸಿಲೇ ಗತಿ.

“ಅದೇ ಕಣಮ್ಮ ಕಷ್ಟ” ಎಂದರು ಪುಟ್ಟಗೌರಮ್ಮ. “ನಿಮ್ ಕೆಳಗಿನ್ ಮನೆಯೋರ್ದು ಒಂದು ತೆಂಗಿನಮರ ನಮ್ ಕಡೆ ವಾಲ್ಕೊಂಡೈತಲ್ಲ, ಅದ್ರ ಕಾಯಿ ಯಾರ್ದು ಅಂತ ಗಂಡಸ್ರು ಜಗಳ ಆಡ್ಕೊಂಡ್ರು. ಅವತ್ತೇ ಆ ಗೇಟು ತುಳಿಯಲ್ಲ ಅಂತ ಅಂದ್ಬುಟ್ಟಿದ್ದೆ. ಎಷ್ಟೋ ವರ್ಷ ಆಯ್ತು.”

ಬೋರ್ಡಿನಲ್ಲಿ ಇನ್ನೂ ಎರಡು ದೀಪ ಹತ್ತಿದ್ದವು. “ಬಿಸಲಾಗ ಕುಂತಾರ್ರೀ ನಮ್ಮತ್ತಿ” ಎಂದಷ್ಟೇ ಹೇಳಿದೆ.

“ಹೌದಲ್ವಾ! ಬುಡು, ಹೋಯ್ತೀನಿ. ಅಳಬೇಡ ನೀನು.”

ಗಡಿಬಿಡಿಯಲ್ಲಿ ರಿಸೀವರನ್ನು ಮೇಜಿನ ಮೇಲೇ ಇಟ್ಟು ಹೋದರು. ಅವರು ಕಿಟಕಿಯಿಂದ “ಅಜ್ಜೀ, ಬತ್ತೀನಿ ತಡೀರಿ!” ಎಂದು ಕೂಗಿದ್ದು ನನ್ನ ಹೆಡ್‌ಫೋನಿನಲ್ಲಿ ಕೇಳಿಸಿತು. ಚಪ್ಪಲಿಯ ಸದ್ದು, ಆಮೇಲೆ ಗೇಟು ಕಿರುಗುಟ್ಟಿದ ಸದ್ದು. ನಾನು ಉಳಿದ ದೀಪಗಳಿಗೆ ತಂತಿ ಚುಚ್ಚುತ್ತ ಕೂತೆ. ಮುಂದಿನ ಪಾಳಿಯ ಜಯಮ್ಮ ಬಂದದ್ದೇ ತಡ, ಮನೆಗೆ ಓಡಿದೆ.

ಮೆಟ್ಟಿಲ ಬುಡದಲ್ಲೇ ನಗು ಕೇಳಿಸಿತು. ತಾರಸಿಯ ಮೇಲೆ, ನೀರಿನ ತೊಟ್ಟಿಯ ನೆರಳಿನಲ್ಲಿ ಇಬ್ಬರೂ ಕಾಲು ಚಾಚಿ ಕೂತಿದ್ದರು. ನಡುವೆ ಅತ್ತೆ ಒಣಗಲು ಹಾಕಿದ್ದ ಜೋಳದ ಸಂಡಿಗೆ. ಪುಟ್ಟಗೌರಮ್ಮ ಅರೆಬರೆ ಒಣಗಿದ ಸಂಡಿಗೆಯನ್ನು ಹಸಿಯಾಗಿಯೇ ತಿನ್ನುತ್ತಿದ್ದರು. ಕೈತುಂಬ ಬಂಗಾರದ ಬಳೆ, ಬಾಯಿತುಂಬ ಸಂಡಿಗೆ ಹಿಟ್ಟು.

“ನೋಡ ಶಾಂತಾ” ಎಂದರು ಅತ್ತೆ, “ಇವರ ಮನಿಯಾಗ ಎಂಟು ಖೋಲಿ ಅದಾವಂತ. ಮಾತಾಡಾಕ ಒಂದು ಬಾಯಿ ಇಲ್ಲಂತ!”

ಯಜಮಾನರು ಮಂಡಿಯಲ್ಲಿ, ಮಕ್ಕಳು ತುಮಕೂರಿನ ಹಾಸ್ಟೆಲಿನಲ್ಲಿ. ಪುಟ್ಟಗೌರಮ್ಮ ಹುಟ್ಟಿ ಬೆಳೆದದ್ದು ತುರುವೇಕೆರೆ ಕಡೆಯ ಸಂಪಿಗೆಯಲ್ಲಿ, ಜಗಲಿಯ ಮೇಲೆ ಊರೆಲ್ಲ ಸೇರುವ ಮನೆಯಲ್ಲಿ. “ಈ ರಸ್ತೆಗೆ ಬಂದ್ಮೇಲೆ ಮರ್ಯಾದೆ ಜಾಸ್ತಿ ಆಯ್ತು, ಮಾತು ಕಮ್ಮಿ ಆಯ್ತು ಕಣಮ್ಮ” ಎಂದರು. “ಗೇಟಲ್ಲಿ ಆಳು ನಿಲ್ಸಿದ್ದು ಯಾರೂ ಬರದೇ ಇರ್ಲಿ ಅಂತಲ್ಲ, ಎಲ್ರೂ ನಿಲ್ಸವ್ರೆ ಅಂತ.”

ಅತ್ತೆ ಅವತ್ತು ಎರಡು ರೊಟ್ಟಿ ಹೆಚ್ಚು ತಿಂದರು. ತಿಂದ ಮೇಲೆ ಹೊಸ ತಕರಾರು ತೆಗೆದರು: “ಈಗ ಹೆಂಗ ಈ ಮನಿ ಬಿಡೂದು? ಈಗರ ಮಾತು ಸುರು ಆಗೇತಿ.” ನಾನು ಗಲ್ಲಿಯ ಮನೆಗೆ ಮಾತು ಕೊಟ್ಟಾಗಿತ್ತು. ಬಿಟ್ಟುಹೋಗಲು ನನಗೂ ಮನಸ್ಸಿರಲಿಲ್ಲ. ಆ ಗಾಳಿ, ಆ ನೀರು, ಆ ಮೌನ ಎಲ್ಲ ಬಾಡಿಗೆಯ ಜೊತೆಗೇ ಹೋಗುತ್ತದಲ್ಲ! ಮೂವರೂ ಕೂತು ಮಾತಾಡಿದಾಗ ದಾರಿ ತೋರಿಸಿದವರು ಪುಟ್ಟಗೌರಮ್ಮನೇ.

“ಹೋಗಿ, ಸುಮ್ನೆ ಹೋಗಿ. ಒಬ್ಳು ನೆರೆಯೋಳು ಸಿಕ್ಕಿದ್ಳು ಅಂತ ಅರ್ಧ ಸಂಬಳ ಸುರೀತಾರಾ ಯಾರಾದ್ರೂವೆ? ನೀವು ಅಲ್ಲಿಗೆ ಹೋದ್ರೆ ನಂಗೂ ಹೋಗಕ್ಕೆ ಅಂತ ಒಂದು ಮನೆ ಆಯ್ತದೆ. ಈ ರಸ್ತೇಲಿ ನಂಗೆ ಹೋಗೋಕೊಂದು ಮನೆ ಐತಾ?”

ಗಲ್ಲಿಗೆ ಬಂದ ಹೊಸದರಲ್ಲಿ ನಾನು ಕಿವಿಗೆ ಹತ್ತಿ ತುರುಕಿಕೊಂಡು ಮಲಗುತ್ತಿದ್ದೆ. ಅತ್ತೆಗೆ ಮಾತ್ರ ಬಂದ ದಿನವೇ ಎಲ್ಲರ ಹೆಸರೂ ಬಾಯಿಪಾಠ. ಜಗಲಿಯ ಹೆಂಗಸರಿಗೆ ರೊಟ್ಟಿ ಬಡಿಯುವುದನ್ನು ಕಲಿಸಿದರು, ಸದ್ದಿಗೆ ಹೆದರಿದ ಒಬ್ಬಾಕೆ, “ಯಾಕಜ್ಜಿ, ಹಿಟ್ಟಿಗೆ ಹಿಂಗ್ ಹೊಡೀತೀಯ? ಅದೇನ್ ಮಾಡ್ತು ನಿಂಗೆ?” ಎಂದು ಕೇಳಿದಳಂತೆ. ಮುದ್ದೆ ನುಂಗುವುದನ್ನು ಅತ್ತೆ ಕಲಿತರು. ಈಗ ನನ್ನ ಗಂಡ ರಜೆಗೆ ಬಂದಾಗ, “ಅಗೀಬ್ಯಾಡೋ, ನುಂಗು” ಎಂದು ಗದರುತ್ತಾರೆ.

ಪುಟ್ಟಗೌರಮ್ಮ ವಾರಕ್ಕೊಮ್ಮೆಯಾದರೂ ಬರುತ್ತಾರೆ, ನಡೆದೇ. “ಕಾರ್ ತಗೊಂಡೋಗು ಅಂತಾರೆ ನಮ್ ಯಜಮಾನ್ರು. ಕಾರು ಈ ಗಲ್ಲೀಲಿ ನುಗ್ಗಲ್ಲ. ಒಳ್ಳೇದೇ ಆಯ್ತು ಬುಡಿ” ಎನ್ನುತ್ತ ಜಗಲಿಯ ಮೇಲೆ ಜಾಗ ಮಾಡಿಕೊಳ್ಳುತ್ತಾರೆ. ಮೊದಮೊದಲು ಅವರನ್ನು ಕಂಡರೆ ಎದ್ದು ನಿಲ್ಲುತ್ತಿದ್ದ ಹೆಂಗಸರು ಈಗ ಅವರೆದುರೇ ಅವರ ರಸ್ತೆಯನ್ನು ಆಡಿಕೊಳ್ಳುತ್ತಾರೆ. ಅವರು ಎಲ್ಲರಿಗಿಂತ ಜೋರಾಗಿ ನಗುತ್ತಾರೆ.

ನಾನು? ನನ್ನ ರಜೆಯ ದಿನ ಅವರ ಬಂಗಲೆಗೆ ಹೋಗುತ್ತೇನೆ. ಗೇಟಿನ ಆಳು ಈಗ ಏನೂ ಕೇಳುವುದಿಲ್ಲ. ಅವರು ನಮ್ಮ ಜಗಲಿಯಲ್ಲಿ ಗಲಾಟೆ ಕೇಳುತ್ತ ಕೂತಿರುವಾಗ ನಾನು ಅವರ ಹಿತ್ತಿಲಿನ ವರಾಂಡದಲ್ಲಿ ಒಬ್ಬಳೇ ಕಣ್ಣು ಮುಚ್ಚಿ ಕೂತಿರುತ್ತೇನೆ. ಅಂಥ ರಸ್ತೆಯಲ್ಲಿ ಇರುವುದು ಕೊಟ್ಟ ದುಡ್ಡಿಗೆ ಸಾರ್ಥಕವೇ ಎಂದು ಊರಿನಿಂದ ಕೇಳುವವರಿಗೆ ನನ್ನ ಉತ್ತರ ಇಷ್ಟೇ: ದಿನವಿಡೀ ಮಾತು ಕೇಳಿ ಬರುವವಳಿಗೆ ಸಾರ್ಥಕ, ದಿನವಿಡೀ ಮಾತಿಗೆ ಕಾಯುವವಳಿಗೆ ಅಲ್ಲ. ನಮ್ಮ ಮನೆಯಲ್ಲಿ ಇಬ್ಬರೂ ಇದ್ದರು, ಬಾಡಿಗೆ ಒಂದೇ ಇತ್ತು.

ಈ ಸಲ ಬೇಸಿಗೆಗೆ ಗದಗಿಗೆ ಹೋಗಿದ್ದೆವು. ಬಾಯಿ ತಪ್ಪಿ ‘ಬುಡು’ ಎಂದದ್ದಕ್ಕೆ ಓಣಿಯೆಲ್ಲ ನಕ್ಕಿತು. ಅತ್ತೆಯಂತೂ ಮಾತು ಮಾತಿಗೂ “ನಮ್ಮ ಕಡೆ ಹಿಂಗ ಮಾಡಂಗಿಲ್ಲ” ಎನ್ನುತ್ತಿದ್ದರು. ಯಾವುದು ನಮ್ಮ ಕಡೆ ಎಂದು ಯಾರಿಗೂ ತಿಳಿಯಲಿಲ್ಲ. ತಿಪಟೂರಿನಲ್ಲೂ ಅವರು ಅದನ್ನೇ ಹೇಳುತ್ತಾರೆ.

ಮರಳಿ ಬರುವಾಗ ರೈಲು ಹಾವೇರಿ ದಾಟಿತ್ತು. ಎದುರಿಗೆ ಕೂತ ಹೆಂಗಸು ಶೇಂಗಾ ಬಿಡಿಸುತ್ತ ಅತ್ತೆಯನ್ನು ಕೇಳಿದಳು: “ಯಾವೂರ್ರೀ ನಿಮ್ದು?”

ಅತ್ತೆ ನನ್ನ ಮುಖ ನೋಡಿದರು. ನಾನು ಕಿಟಕಿಯಾಚೆ ನೋಡಿದೆ. ಕಪ್ಪು ಹೊಲ ಮುಗಿದಿತ್ತು, ತೆಂಗು ಇನ್ನೂ ಶುರುವಾಗಿರಲಿಲ್ಲ.

“ಎದ್ದು ಬಂದಿದ್ದು ಗದಗ, ಇಳಿಯೂದು ತಿಪಟೂರು” ಎಂದರು ಅತ್ತೆ ಕೊನೆಗೆ, ಅವಳ ಕೈಯಿಂದ ನಾಲ್ಕು ಶೇಂಗಾ ತೆಗೆದುಕೊಳ್ಳುತ್ತ. “ನಡುವ ಕುಂತಾಗ ಕೇಳಿದ್ರ ಯಾವ ಊರು ಅಂತ ಹೇಳ್ಲೆವ್ವ?”