ನೈಲ್ ದಂಡೆಯ ಪಂಪು

ಹೊನ್ನಾಳಿಯಲ್ಲಿ ನಮ್ಮದು ಪೈಪು, ಮೋಟರುಗಳ ಅಂಗಡಿ. ಚನ್ನಗಿರಿ, ನ್ಯಾಮತಿ ಕಡೆಯ ತೋಟಗಳಿಗೆ ಬೋರ್‌ವೆಲ್ ಸಾಮಾನು ಕೊಡುತ್ತೇವೆ, ಹೋಗಿ ಇಳಿಸಿಯೂ ಕೊಡುತ್ತೇವೆ. ನಮ್ಮ ಮನೆಯವರು ಇದ್ದಾಗ ನಾನು ಅಂಗಡಿಗೆ ಮಧ್ಯಾಹ್ನದ ಬುತ್ತಿ ತರುವವಳು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಈಗ ಯಾವ ಬಾವಿಗೆ ಎಷ್ಟು ಕುದುರೆ ಶಕ್ತಿಯ ಮೋಟರು ಬೇಕು ಎಂದು ರೈತರು ನನ್ನನ್ನೇ ಕೇಳುತ್ತಾರೆ, ನಾನು ಹೇಳಿದ್ದನ್ನೇ ಒಯ್ಯುತ್ತಾರೆ.

ಹೊಸ ಬೋರಿಗೆ ಮೋಟರು ಇಳಿಸಿದ ಮೇಲೆ ನಮ್ಮ ಕಡೆ ಗಂಗೆಪೂಜೆ ಮಾಡುತ್ತಾರೆ. ಪೈಪಿನ ಬಾಯಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿನ ಸರ ಸುತ್ತಿ, ಕಾಯಿ ಒಡೆಯುತ್ತಾರೆ. ಐದು ಜನ ಮುತ್ತೈದೆಯರು ಕೊಡ ಹಿಡಿದು ನಿಲ್ಲುತ್ತಾರೆ. ಸ್ವಿಚ್ ಒತ್ತಿದ ಮೇಲೆ ಬರುವ ಮೊದಲ ನೀರು ಅವರ ಕೈಗೆ. ಆ ಹೊತ್ತಿಗೆ ಸರಿಯಾಗಿ ನಾನು ನಮ್ಮ ಪಿಕಪ್ ಗಾಡಿಯ ಹಿಂದೆ ಹೋಗಿ ನಿಂತು, ಬೇಕಿಲ್ಲದಿದ್ದರೂ ಬಿಲ್ ಪುಸ್ತಕ ತಿರುವುತ್ತಿದ್ದೆ. ಹೋಗು ಎಂದು ಯಾರೂ ಬಾಯಿಬಿಟ್ಟು ಹೇಳಿರಲಿಲ್ಲ. ನನಗಿಂತ ಮೊದಲೇ ಗಂಡನನ್ನು ಕಳೆದುಕೊಂಡ ನಮ್ಮ ಅತ್ತೆ ಹಾಗೆ ಹಿಂದೆ ಸರಿದು ನಿಲ್ಲುವುದನ್ನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೆನಲ್ಲ, ಅಷ್ಟೇ ಸಾಕಿತ್ತು. ಮುಟ್ಟು ಮೈಲಿಗೆ ಏನೂ ಇಲ್ಲವೆಂದು ವಚನ ಹಾಡುವ ಮನೆ ನಮ್ಮದು. ಹಾಡು ಮುಗಿದು ಕುಂಕುಮದ ಬಟ್ಟಲು ಬಂದಾಗ ಮಾತ್ರ ಅದು ನಮ್ಮಿಬ್ಬರನ್ನು ದಾಟಿ ಮುಂದಕ್ಕೆ ಹೋಗುತ್ತದೆ.

ಪೈಪಿನ ಕಂಪನಿಯವರು ಹೆಚ್ಚು ಮಾಲು ಮಾರಿದ ಡೀಲರುಗಳನ್ನು ಪ್ರತಿವರ್ಷ ಎಲ್ಲಿಗಾದರೂ ಕರೆದೊಯ್ಯುವುದುಂಟು. ಈ ಸಲ ಈಜಿಪ್ಟು, ನೈಲ್ ನದಿಯ ಮೇಲೆ ಐದು ದಿನ ಸಣ್ಣ ಹಡಗಿನಲ್ಲಿ ಪ್ರಯಾಣ ಎಂದರು. ಪಟ್ಟಿಯಲ್ಲಿ ನಮ್ಮ ಅಂಗಡಿಯೂ ಇತ್ತು. ಟಿಕೆಟ್ಟು ಜೋಡಿಗೆ, ಅಂದರೆ ಡೀಲರು ಮತ್ತು ಅವರ ಹೆಂಡತಿಗೆ.

ಸುದ್ದಿ ತಿಳಿದ ಸಂಜೆಯೇ ಸವಳಂಗದಿಂದ ಮೈದುನ ಬೈಕಿನಲ್ಲಿ ಬಂದ. ಅವನದು ಅಲ್ಲಿ ತೋಟ. ಅಂಗಡಿಗೂ ಅವನಿಗೂ ಇರುವ ಸಂಬಂಧವೆಂದರೆ ಹಬ್ಬದ ದಿನ ಬಂದು ಗಲ್ಲಾಪೆಟ್ಟಿಗೆಯ ಮುಂದಿನ ಕುರ್ಚಿಯಲ್ಲಿ ಕೂರುವುದು. ಕಾಫಿ ಕುಡಿದು, ಲೋಟ ಕೆಳಗಿಟ್ಟು ಹೇಳಿದ.

“ಅತ್ತಿಗೆ, ಅಲ್ಲಿ ಎಲ್ರೂ ಗಂಡ ಹೆಂಡ್ತಿ ಬಂದಿರ್ತಾರೆ. ನೀವೊಬ್ರೇ ಹೋಗಿ ಏನ್ ಮಾಡ್ತೀರಿ? ನಾವಿಬ್ರು ಹೋಗಿ ಬರ್ತೀವಿ. ಅಂಗಡಿ ಹೆಸ್ರು ಒಂದೇ ಐತಲ್ಲ.”

ಅವನು ಕೆಟ್ಟವನಲ್ಲ. ಆದರೆ ಈ ಸಲ ಅವನು ಹೋಗಿ ಕಂಪನಿಯವರ ಪಕ್ಕ ನಿಂತು ಫೋಟೋ ತೆಗೆಸಿಕೊಂಡರೆ, ಮುಂದಿನ ಸಲ ಅವರು ಫೋನು ಮಾಡುವುದೂ ಅವನಿಗೇ, ಮಾತಾಡುವುದೂ ಅವನ ಜೊತೆಗೇ. ಆಮೇಲೆ ನಾನು ಮತ್ತೆ ಬುತ್ತಿ ತರುವವಳು. ಒಂಬತ್ತು ವರ್ಷ ಬಿಸಿಲಲ್ಲಿ ಸುಟ್ಟುಕೊಂಡು ಕಟ್ಟಿದ್ದನ್ನು ಒಂದು ಫೋಟೋಕ್ಕೆ ಬಿಟ್ಟುಕೊಡಲು ನನಗೇನು ತಲೆ ಕೆಟ್ಟಿತ್ತೇ?

“ಪೈಪು ಮಾರಿದ್ದು ನಾನಪ್ಪಾ. ಹಡಗು ಹತ್ತಾಕೂ ನನಗೇ ಬರ್ತೈತೆ” ಎಂದೆ.

ಹೇಳಿದ್ದು ಜೋರಾಗಿಯೇ. ಒಳಗೆ ಮಾತ್ರ ನೀರಿನ ಭಯ. ನಾನು ಹುಟ್ಟಿ ಬೆಳೆದದ್ದು ಜಗಳೂರಿನ ಕಡೆ. ಅಲ್ಲಿ ನೀರೆಂದರೆ ಕೊಡದಲ್ಲಿರುವುದು, ಹೆಚ್ಚೆಂದರೆ ಟ್ಯಾಂಕರಿನಲ್ಲಿರುವುದು. ಮದುವೆಯಾಗಿ ಹೊನ್ನಾಳಿಗೆ ಬಂದು ಇಪ್ಪತ್ತೈದು ವರ್ಷವಾದರೂ ತುಂಗಭದ್ರೆಯಲ್ಲಿ ಪಾದ ಮುಳುಗುವುದಕ್ಕಿಂತ ಮುಂದೆ ಇಳಿದವಳಲ್ಲ. ಜೊತೆಗೆ ಬರುವಂತೆ ಅತ್ತೆಯನ್ನು ಕರೆದೆ. ತಮ್ಮ ಮಂಡಿ ಮನೆಯ ಮೆಟ್ಟಿಲನ್ನೇ ಹತ್ತುವುದಿಲ್ಲ, ಇನ್ನು ಹಡಗೆಲ್ಲಿ ಎಂದರು. ಆದರೆ ಹೋಗಬೇಡ ಎನ್ನಲಿಲ್ಲ. ಮೈದುನ ಮುಖ ಊದಿಸಿಕೊಂಡು ಹೋದ ಮೇಲೆ ಶೇಂಗಾ ಹುರಿದು ಚಟ್ನಿಪುಡಿ ಮಾಡಿ, ಎರಡು ಡಬ್ಬಿ ತುಂಬಿ ನನ್ನ ಬ್ಯಾಗಿನ ಪಕ್ಕ ಇಟ್ಟರು.

ಹಡಗೆಂದರೆ ಕೋಟೆಯಂಥದ್ದು ಇರುತ್ತದೆಂದುಕೊಂಡಿದ್ದೆ. ಅದು ಎರಡು ದೊಡ್ಡ ಪಟಗಳ ಮರದ ದೋಣಿ, ಹತ್ತೇ ಕೋಣೆ. ಗಾಳಿ ಇದ್ದರೆ ಪಟ ಬಿಚ್ಚುತ್ತಾರೆ, ಇಲ್ಲದಿದ್ದರೆ ಮುಂದೊಂದು ಸಣ್ಣ ಮೋಟರು ದೋಣಿ ಅದನ್ನು ಎಳೆಯುತ್ತದೆ. ಒಳಗೆ ಮಾತ್ರ ರಾಜವೈಭೋಗ. ದಂಡೆಗೆ ಇಳಿದು ಹತ್ತಿದರೆ ಸಾಕು, ಒಬ್ಬ ತಣ್ಣನೆಯ ಒದ್ದೆ ಟವೆಲ್ ಕೊಡುತ್ತಾನೆ, ಇನ್ನೊಬ್ಬ ಚಪ್ಪಲಿಯ ಧೂಳು ಒರೆಸುತ್ತಾನೆ. ನನ್ನ ಹವಾಯಿ ಚಪ್ಪಲಿಯನ್ನೂ ಒರೆಸಿದರು, ನಾಚಿಕೆಯಾಯಿತು. ಊಟಕ್ಕೆ ಒಬ್ಬೊಬ್ಬರ ಮುಂದೆ ನಾಲ್ಕು ನಾಲ್ಕು ಚಮಚ. ನಾನು ಯಾವುದನ್ನೂ ಮುಟ್ಟದೆ ಅವರ ದಪ್ಪ ರೊಟ್ಟಿಯ ಜೊತೆ ಕಾಳಿನ ಪಲ್ಯ ಹಚ್ಚಿಕೊಂಡು, ಮೇಲೆ ಅತ್ತೆಯ ಚಟ್ನಿಪುಡಿ ಉದುರಿಸಿಕೊಂಡು ಕೈಯಲ್ಲೇ ಉಂಡೆ. ಎರಡನೆಯ ದಿನದ ಹೊತ್ತಿಗೆ ಡಬ್ಬಿ ಮೇಜಿನಿಂದ ಮೇಜಿಗೆ ಓಡಾಡುತ್ತಿತ್ತು.

ಬಂದವರೆಲ್ಲ ನಮ್ಮ ರಾಜ್ಯದ ಬೇರೆಬೇರೆ ಊರಿನ ಡೀಲರುಗಳು. ನನ್ನನ್ನು ಕಂಡವರೆಲ್ಲ ಒಂದೇ ಪ್ರಶ್ನೆ ಕೇಳಿದರು, ಯಜಮಾನರು ಕೋಣೆಯಲ್ಲಿದ್ದಾರಾ ಎಂದು. ನಾನೇ ಡೀಲರು ಎಂದು ಪ್ರತಿಯೊಬ್ಬರಿಗೂ ಹೇಳಿದೆ. ಹೇಳಿ ಹೇಳಿ ಮೂರನೆಯ ಊಟದ ಹೊತ್ತಿಗೆ ಯಾರೂ ಕೇಳದಂತಾಯಿತು.

ಮೊದಲ ದಿನವೆಲ್ಲ ಮೇಲಿನ ಕಟಕಟೆಯನ್ನು ಎರಡೂ ಕೈಯಲ್ಲಿ ಹಿಡಿದೇ ಕೂತಿದ್ದೆ. ಆಮೇಲೆ ಕಣ್ಣು ನೀರಿನಿಂದ ದಂಡೆಗೆ ಹೋಯಿತು. ದಂಡೆಯ ಉದ್ದಕ್ಕೂ ಕಬ್ಬು, ಮೆಕ್ಕೆಜೋಳ, ಬಾಳೆ, ಎಮ್ಮೆಗಳು. ಅದರ ಹಿಂದೆ ಕೂಗಳತೆಯಲ್ಲೇ ಹಸಿರು ನಿಂತು, ಹುಲ್ಲುಕಡ್ಡಿಯೂ ಇಲ್ಲದ ಹಳದಿ ಗುಡ್ಡ. ಮುಂದೆ ಹೊನ್ನಾಳಿ, ಹಿಂದೆ ಜಗಳೂರು. ಎರಡರ ನಡುವೆ ಅಲ್ಲಲ್ಲಿ ಡೀಸೆಲ್ ಪಂಪುಗಳ ಸದ್ದು. ಆ ಸದ್ದು ಕೇಳಿದ ಮೇಲೆ ನನ್ನ ಭಯ ಅರ್ಧ ಇಳಿಯಿತು.

ಎರಡನೆಯ ದಿನ ಬೆಳಿಗ್ಗೆ ಡೀಲರುಗಳ ಹೆಂಡತಿಯರು ನೈಲ್ ನದಿಗೆ ಬಾಗಿನ ಬಿಡುವುದೆಂದು ತೀರ್ಮಾನಿಸಿದರು. ಹಾವೇರಿ ಕಡೆಯ ಒಬ್ಬರು ಊರಿಂದಲೇ ಸೂಟ್‌ಕೇಸಿನಲ್ಲಿ ಮೊರ, ಬಳೆ, ಅರಿಶಿನ, ಕಣದ ಬಟ್ಟೆ ಎಲ್ಲ ತಂದಿದ್ದರು. ನಮ್ಮವರು ಹೊಳೆ ಕಂಡರೆ ಬಿಟ್ಟಾರೆಯೇ? ಹಡಗಿನವರು ಪ್ಲಾಸ್ಟಿಕ್ ಒಂದಿರದಿದ್ದರೆ ಆಗಲಿ ಎಂದರು. ರೇಷ್ಮೆ ಸೀರೆ ಉಟ್ಟು, ಸೆರಗು ಹೊದ್ದು, ಎಲ್ಲರೂ ಮುಂಭಾಗದಲ್ಲಿ ಸೇರಿದರು. ಹಾಡೂ ಶುರುವಾಯಿತು. ಹಾಡಿನ ಎರಡನೆಯ ಸಾಲಿಗೆ ನನಗೆ ಎಚ್ಚರವಾಯಿತು: ನಾನು ಹಡಗಿನ ಹಿಂಭಾಗದಲ್ಲಿ, ಹಗ್ಗದ ಸುರುಳಿಗಳ ಪಕ್ಕ ನಿಂತಿದ್ದೆ.

ಯಾವಾಗ ಎದ್ದು ಬಂದೆನೋ ಗೊತ್ತಿಲ್ಲ. ಅವರಲ್ಲಿ ಒಬ್ಬರೂ ನನ್ನನ್ನು ದೂರ ಸರಿ ಎನ್ನಲಿಲ್ಲ. ಬಾ ಎಂದು ಕರೆಯಲೂ ಇಲ್ಲ, ಅದು ಬೇರೆ ಮಾತು. ನನಗೆ ಸಿಟ್ಟು ಬಂದದ್ದು ನನ್ನ ಮೇಲೆ. ಮೈದುನನ ಎದುರು ಅಷ್ಟು ದೊಡ್ಡ ಮಾತಾಡಿ, ಸಮುದ್ರ ದಾಟಿ ಬಂದು, ಕಡೆಗೆ ಇಲ್ಲಿಯೂ ಒಂದು ಪಿಕಪ್ ಗಾಡಿ ಹುಡುಕಿಕೊಂಡು ಅದರ ಹಿಂದೆ ನಿಂತಿದ್ದೆ. ಆ ದಿನ ಊಟ ರುಚಿಸಲಿಲ್ಲ.

ಮರುದಿನ ಮಧ್ಯಾಹ್ನ ಗಾಳಿ ಬಿದ್ದುಹೋಗಿ ಹಡಗನ್ನು ಒಂದು ಹಳ್ಳಿಯ ದಂಡೆಗೆ ಕಟ್ಟಿದರು. ಎಲ್ಲರೂ ಮೆತ್ತೆಗಳ ಮೇಲೆ ಒರಗಿ ಚಹಾ ಕುಡಿಯುತ್ತಿದ್ದೆವು. ಎದುರಿನ ಹೊಲದಲ್ಲಿ ಒಬ್ಬ ರೈತ ಪಂಪು ಚಾಲೂ ಮಾಡಲು ಒದ್ದಾಡುತ್ತಿದ್ದ. ಪಂಪಿನ ಬಾಯಿಗೆ ಬಕೆಟ್ಟಿನಿಂದ ನೀರು ತುಂಬುವುದು, ಎಂಜಿನ್ನು ತಿರುಗಿಸುವುದು, ಅದು ಬಡಬಡ ಎಂದು ಓಡುವುದು, ನೀರು ಮಾತ್ರ ಏರದು. ನಿಲ್ಲಿಸಿ ನೋಡಿದರೆ ತುಂಬಿದ ನೀರೂ ಕೆಳಗಿಳಿದು ಹೋಗಿರುತ್ತಿತ್ತು. ಅವನ ಹೆಂಡತಿ ಮತ್ತೆ ಹೊಳೆಗೆ ಇಳಿದು ಬಕೆಟ್ಟು ತುಂಬಿ ತರುತ್ತಿದ್ದಳು. ಏಳು ಸಲವೋ ಎಂಟು ಸಲವೋ ಹೀಗೆಯೇ ಆಯಿತು. ನಮ್ಮ ಡೀಲರುಗಳು ಅದನ್ನು ನೋಡುತ್ತ, ಎಂಜಿನ್ನು ಯಾವ ದೇಶದ್ದೆಂದು ಚರ್ಚೆ ಮಾಡುತ್ತಿದ್ದರು.

ನನಗೆ ತಡೆಯಲಾಗಲಿಲ್ಲ. ಹೊಳೆಯೊಳಗಿರುವ ಪೈಪಿನ ತುದಿಯಲ್ಲಿ ನೀರು ಹಿಂದಕ್ಕೆ ಇಳಿಯದಂತೆ ತಡೆಯುವ ಫುಟ್ ವಾಲ್ವ್ ಸೋರುತ್ತಿದೆ ಎಂದು ಕೂತಲ್ಲಿಂದಲೇ ತಿಳಿಯುತ್ತಿತ್ತು. ಹೊಸದು ಹಾಕುವವರೆಗೆ ಇದಕ್ಕೆ ಹೊನ್ನಾಳಿಯ ಹೊಳೆದಂಡೆಯಲ್ಲಿ ಎಲ್ಲರಿಗೂ ಗೊತ್ತಿರುವ ಮದ್ದು ಒಂದೇ. ದಂಡೆಗೂ ಹಡಗಿಗೂ ನಡುವೆ ಒಂದು ಹಲಗೆ ಹಾಕಿದ್ದರು. ಅದುವರೆಗೆ ಅದನ್ನು ದಾಟಲು ಇಬ್ಬರು ನನ್ನ ಕೈ ಹಿಡಿಯಬೇಕಾಗಿತ್ತು. ಆ ಹೊತ್ತು ಸೆರಗು ಸೊಂಟಕ್ಕೆ ಸಿಕ್ಕಿಸಿ ಒಬ್ಬಳೇ ದಾಟಿದೆ. ದಾಟಿದ ಮೇಲೆಯೇ ಕೆಳಗೆ ನೀರಿತ್ತೆಂದು ನೆನಪಾದದ್ದು.

ಪಕ್ಕದಲ್ಲಿ ಅವರ ಎಮ್ಮೆ ಕಟ್ಟಿತ್ತು. ಅದರ ಸಗಣಿ ಎರಡು ಬೊಗಸೆ ಎತ್ತಿ ಬಕೆಟ್ಟಿನ ನೀರಿಗೆ ಹಾಕಿ ಗಂಜಿಯಂತೆ ಕಲಸಿದೆ. ರೈತ ಏನೋ ಕೂಗಿದ. ಹಡಗಿನ ಮೇಲಿಂದ ಕಂಪನಿಯ ಮ್ಯಾನೇಜರೂ ಕೂಗಿದರು. ಇಬ್ಬರ ಭಾಷೆಯೂ ಆಗ ನನಗೆ ಬೇಕಿರಲಿಲ್ಲ. ಸಗಣಿನೀರನ್ನು ಪಂಪಿನ ಬಾಯಿಗೆ ಸುರಿದೆ, ಅದು ಕೆಳಗಿಳಿದು ವಾಲ್ವಿನ ಸಂದಿಯಲ್ಲಿ ಕೂರಲೆಂದು ಸ್ವಲ್ಪ ಹೊತ್ತು ಬಿಟ್ಟೆ, ಮೇಲೆ ಒಳ್ಳೆಯ ನೀರು ತುಂಬಿದೆ. ಈ ಸಲ ನೀರು ಇಳಿಯಲಿಲ್ಲ. ತಿರುಗಿಸು ಎಂದು ಕೈಸನ್ನೆ ಮಾಡಿದೆ. ಎಂಜಿನ್ನು ಓಡಿತು. ಪೈಪು ಎರಡು ಸಲ ಕೆಮ್ಮಿ, ಮೊದಲು ಹಸಿರು ರಾಡಿ ಕಾರಿತು, ಆಮೇಲೆ ತಿಳಿನೀರು ದಪ್ಪ ಧಾರೆಯಾಗಿ ಕಾಲುವೆಗೆ ಬಿತ್ತು.

ರೈತನ ಹೆಂಡತಿ ತಗಡಿನ ಮಗ್ಗನ್ನು ಆ ಧಾರೆಗೆ ಹಿಡಿದು ತುಂಬಿಕೊಂಡು, ನೇರ ನನ್ನ ಹತ್ತಿರ ಬಂದಳು. ನಾನು ಬೊಗಸೆ ಒಡ್ಡಿದೆ. ಅವಳು ಹುಯ್ದಳು. ಕೈ ತೊಳೆಯಲೆಂದೇ ಕೊಟ್ಟಿರಬೇಕು, ಮೊಣಕೈವರೆಗೆ ಸಗಣಿ ಇತ್ತಲ್ಲ. ಆದರೆ ಒಂಬತ್ತು ವರ್ಷದಲ್ಲಿ ಮೊದಲ ನೀರು ನನ್ನ ಕೈ ಮೇಲೆ ಬಿದ್ದದ್ದು ಆವತ್ತೇ. ಅಷ್ಟು ಜನರ ಎದುರು ಅಳು ಬಂದುಬಿಟ್ಟಿತು. ಅವಳಿಗೆ ಏನು ಅರ್ಥವಾಯಿತೋ, ತನ್ನ ಕಪ್ಪು ಬಟ್ಟೆಯ ಅಂಚಿನಿಂದಲೇ ನನ್ನ ಮುಖ ಒರೆಸಿದಳು. ನನ್ನ ಹಣೆ ಬರಿದಾಗಿದೆಯೆಂದು ಅವಳೂ ನೋಡಲಿಲ್ಲ, ನೀರೂ ನೋಡಲಿಲ್ಲ.

ಮತ್ತೆ ಹಡಗು ಹತ್ತುವಾಗ ಒದ್ದೆ ಟವೆಲ್ಲಿನವನು ಎರಡು ಟವೆಲ್ ಕೊಟ್ಟ. ನಾನು ಆ ಸಂಜೆ ಹಡಗಿನ ಮುಂಭಾಗದಲ್ಲಿ ಕುರ್ಚಿ ಹಾಕಿಸಿಕೊಂಡು ಕೂತು ಒಂದು ನಿಯಮ ಮಾಡಿಕೊಂಡೆ. ನಾನು ಇಳಿಸಿದ ಮೋಟರಿನ ಮುಂದೆ ನಾನು ನಿಲ್ಲುತ್ತೇನೆ. ಬೇಡವೆನ್ನುವವರು ಬೇರೆ ಅಂಗಡಿ ನೋಡಿಕೊಳ್ಳಲಿ.

ನಿಯಮ ಮೊದಲು ಎದುರಾದದ್ದು ಮೈದುನನಿಗೇ. ನಾನು ಊರಿಗೆ ಮರಳಿದ ಎರಡು ತಿಂಗಳಿಗೆ ಸವಳಂಗದಲ್ಲಿ ಅವನು ಹೊಸ ಬೋರು ಕೊರೆಸಿದ. ಆರುನೂರು ಅಡಿಯಲ್ಲಿ ನೀರು ಸಿಕ್ಕಿತು. ಮುನಿಸಿದ್ದರೂ ಮೋಟರಿಗೆ ನಮ್ಮ ಅಂಗಡಿಗೇ ಬಂದ. ನಾನು ಹುಡುಗರನ್ನು ಕರೆದುಕೊಂಡು ಹೋಗಿ ಇಳಿಸಿದೆ. ಅತ್ತೆಯೂ ಬಂದಿದ್ದರು. ಪೂಜೆಗೆ ಕೊಡಗಳು ಬಂದಾಗ ಅತ್ತೆ ಎಂದಿನಂತೆ ಪಿಕಪ್ಪಿನ ಕಡೆ ನಡೆದರು. ನಾನು ಪೈಪಿನ ಪಕ್ಕದಿಂದ ಕದಲಲಿಲ್ಲ.

ಮೈದುನ ಒಮ್ಮೆ ಹೆಂಡತಿಯ ಮುಖ ನೋಡಿದ, ಒಮ್ಮೆ ನನ್ನನ್ನು. ಹತ್ತಿರ ಬಂದು ಮೆಲ್ಲಗೆ ಹೇಳಿದ.

“ಅತ್ತಿಗೆ, ಇದೊಂದು ಮುಗೀಲಿ. ಆಮೇಲೆ ಬರ್ರಿ. ಏನಾದ್ರೂ ಹೆಚ್ಚುಕಮ್ಮಿ ಆದ್ರೆ ಜನ ನಿಮ್ಮನ್ನೇ ಅಂತಾರೆ.”

“ಅನ್ಲಿ. ಇಳಿಸಿದ ಕೈ ನೀರು ಮುಟ್ಟಬಾರ್ದು ಅಂದ್ರೆ ಹೇಳಪ್ಪಾ, ಮೋಟರ್ ಮೇಲಕ್ಕೆ ಎತ್ತಿಸ್ತೀನಿ. ಅದನ್ನ ಇಳಿಸಿದ್ದೂ ಇದೇ ಕೈ.”

ಆರುನೂರು ಅಡಿ ಪೈಪು ಮತ್ತೆ ಬಿಚ್ಚುವುದೆಂದರೆ ಏನೆಂದು ಅವನಿಗೆ ಗೊತ್ತು. ನಾನು ಹೇಳಿದರೆ ಮಾಡುವವಳು ಎಂಬುದೂ ಗೊತ್ತು. ಅವನು ಪಕ್ಕಕ್ಕೆ ಸರಿದ.

ನಾನು ಪಿಕಪ್ಪಿನ ಹಿಂದೆ ಹೋಗಿ ಅತ್ತೆಯ ಕೈ ಹಿಡಿದೆ. ಬೇಡವೆಂದರು, ಹಿಂದಕ್ಕೆ ಎಳೆದರು. ಕಿರಿಯ ಸೊಸೆಗೆ, ಅವಳ ಮುತ್ತೈದೆತನಕ್ಕೆ ಏನಾದರೂ ಆದರೆ ಎಂದು ಅವರಿಗೆ ನಿಜವಾಗಿಯೂ ಭಯ. ಆಗ ಮೈದುನನ ಹೆಂಡತಿಯೇ ಕೊಡ ಹಿಡಿದುಕೊಂಡು ಬಂದು, ನನಗೇನೂ ಆಗಲ್ಲ ಬರ್ರಿ ಅತ್ತೆ ಎಂದಳು. ಅವಳಿಂದ ಆ ಮಾತು ನಾನು ನಿರೀಕ್ಷಿಸಿರಲಿಲ್ಲ. ಇಬ್ಬರೂ ಒಂದೊಂದು ಕಡೆ ಹಿಡಿದು ಅತ್ತೆಯನ್ನು ಪೈಪಿನ ಮುಂದೆ ತಂದು ನಿಲ್ಲಿಸಿದೆವು.

ಸ್ವಿಚ್ ಒತ್ತಿದೆ. ಅಷ್ಟು ಆಳದಿಂದ ನೀರು ಬರಲು ಹೊತ್ತು ಹಿಡಿಯುತ್ತದೆ, ಅದು ನನಗೆ ದಿನನಿತ್ಯದ ಕೆಲಸ. ಆದರೂ ಆವತ್ತು ಎಲ್ಲರ ಕಣ್ಣೂ ನನ್ನ ಮೇಲಿತ್ತು. ಪೈಪಿನಿಂದ ಮೊದಲು ಗಾಳಿ ಬಂತು. ಆಮೇಲೆ ಕೆಂಪು ನೀರು ಬಂತು, ಬರಬರುತ್ತ ತಿಳಿಯಾಯಿತು. ನಾನು ಬೊಗಸೆ ತುಂಬ ಹಿಡಿದು ಅತ್ತೆಯ ಬೊಗಸೆಗೆ ಹುಯ್ದೆ.

ಅವರು ಕುಡಿಯಲಿಲ್ಲ, ಚೆಲ್ಲಲೂ ಇಲ್ಲ. ಬೆರಳ ಸಂದಿಯಿಂದ ಅದು ಸೋರುವುದನ್ನೇ ನೋಡುತ್ತ ನಿಂತಿದ್ದರು.

“ಮೊದ್ಲಿನ ನೀರು ಇಷ್ಟು ಬೆಚ್ಚಗಿರ್ತೈತೇನೆ?” ಎಂದು ಕೇಳಿದರು.

“ಆಳದ್ದು ಹಂಗೇ ಅತ್ತೆ” ಎಂದು, ಇನ್ನೊಂದು ಬೊಗಸೆ ಹಿಡಿದೆ.